ಎಷ್ಟು ಅಕ್ಷರ ಬಲ್ಲವನು ಅಕ್ಷರಸ್ಥ?

ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಚೀನವನ್ನಾಳಿದ ಹಾನ್ ವಂಶದ ಚಕ್ರವರ್ತಿ ವೂ ಎಂಬಾತನ ಆಸ್ಥಾನದಲ್ಲಿ ಶಿ ಜಿಯೆನ್ ಎಂಬ ಹಿರಿಯ ಅಧಿಕಾರಿಯಿದ್ದ. ಆತ ಸಲ್ಲಿಸಿದ್ದ ಬಿನ್ನವತ್ತಳೆಯೊಂದು ಅರಸನ ಅವಗಾಹನೆ ಮುಗಿದು ಹಿಂದಿರುಗಿತು. ಅದನ್ನು ಮತ್ತೊಮ್ಮೆ ಓದಿದ ಶಿ ಜಿಯೆನ್ ಹೌಹಾರಿದ. ‘ಕುದುರೆ’ ಎಂಬರ್ಥದ ಅಕ್ಷರದಲ್ಲಿ ಕಾಲು ಬಾಲಗಳು ಸೇರಿ ಐದು ಗೆರೆಗಳಿರಬೇಕಾದಲ್ಲಿ ನಾಲ್ಕೇ ಇದ್ದವು. ಒಂದು ಗೆರೆ ತಪ್ಪಿದ್ದಕ್ಕೆ ತಲೆದಂಡವಾದೀತೆಂದು ಆತ ನಡುಗಿದನಂತೆ. ಇತಿಹಾಸಕಾರ ಸಿಮಾ ಚಿಯೆನ್ ಈ ಪ್ರಸಂಗವನ್ನು ಬರೆದಿಟ್ಟದ್ದು ಆ ಮನೆತನದವರ ಅತಿಯಾದ ಎಚ್ಚರಿಕೆಯನ್ನು ತೋರಿಸುವುದಕ್ಕಾಗಿ. ಆದರೆ ಆ ಭಯ ಪೂರ್ಣವಾಗಿ ನಿರಾಧಾರವೇನೂ ಆಗಿರಲಿಲ್ಲ. ಅರಸನಿಗೆ ಸಲ್ಲಿಸುವ ಬರಹದಲ್ಲಿ ಅಕ್ಷರ ತಪ್ಪಿದರೆ ಬರೆದವನ ಮೇಲೆ ಆರೋಪ ಹೊರಿಸುವ ಪದ್ಧತಿ ಹಾನ್ ಆಡಳಿತದಲ್ಲಿತ್ತು.

ಆ ಕಾಲದ ಕಾಯಿದೆಯೇ ಇಂದು ನಮ್ಮ ಕೈಗೆ ದೊರೆತಿದೆ. ಹುಬೇ ಪ್ರಾಂತದ ಝಾಂಗ್‌ಜಿಯಾಶಾನ್ ಎಂಬಲ್ಲಿ 1983-84ರಲ್ಲಿ ತೆರೆದ ಗೋರಿಯೊಂದರಲ್ಲಿ ಬಿದಿರ ಸೀಳುಗಳ ಕಟ್ಟುಗಳಿದ್ದವು. ಅವುಗಳಲ್ಲಿ ಸುಮಾರು ಕ್ರಿಸ್ತಪೂರ್ವ 186ರ ಕಾಯಿದೆಗಳ ಸಂಗ್ರಹವಿತ್ತು. ಅದರೊಳಗೆ ಕರಣಿಕರ ವಿಷಯವಾದ ಒಂದು ಪ್ರತ್ಯೇಕ ಕಾಯಿದೆ. ಕರಣಿಕರ ಮಕ್ಕಳು ಹದಿನೇಳನೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸ ಆರಂಭಿಸಬೇಕು, ಮೂರು ವರ್ಷ ಕಲಿತು ಪರೀಕ್ಷೆಗೆ ಕುಳಿತುಕೊಳ್ಳಬೇಕು, 5,000ಕ್ಕೂ ಮೇಲ್ಪಟ್ಟು ಅಕ್ಷರಗಳನ್ನು ಓದಿ ಬರೆಯಬಲ್ಲವನಷ್ಟೇ ಕರಣಿಕನಾಗತಕ್ಕದ್ದು ಎಂದು ಅದು ವಿಧಿಸುತ್ತದೆ. ಅದೇ ಪ್ರಾಂತದ ಶುಯ್‌ಹುದಿಯಲ್ಲಿ 1975ರಲ್ಲಿ ತೆರೆದ, ಇನ್ನೂ ಹಳೆಯದಾದ ಗೋರಿಯಲ್ಲಿ ಶೀ ಎಂಬ ಸಣ್ಣ ಅಧಿಕಾರಿಯ ಶವದ ಸುತ್ತಲೂ 1,155 ಬಿದಿರ ಸೀಳುಗಳನ್ನು ಇರಿಸಿದ್ದರು. ಅವುಗಳಲ್ಲಿ ಬಹುಭಾಗ ಕಾನೂನು, ವಿಚಾರಣೆಯ ಕ್ರಮ, ಪಂಚನಾಮೆಯ ಮಾದರಿಗಳು. ಬದುಕಿದ್ದಾಗ ಹೊತ್ತ ಅಕ್ಷರಗಳನ್ನು ಆತ ಸತ್ತ ಮೇಲೂ ಇಳಿಸಲಿಲ್ಲ.

ಅಕ್ಷರ ಬಲ್ಲವನೇ ಅಕ್ಷರಸ್ಥ. ಇಷ್ಟು ಅಕ್ಷರ ಬಲ್ಲವನು ಎಂದು ಎಣಿಸುವ ಪ್ರಸಂಗ ಕನ್ನಡದಲ್ಲಿ ಬರುವುದಿಲ್ಲ. ಕನ್ನಡ ಶಾಲೆಯ ಮಗು 49 ಅಕ್ಷರಗಳನ್ನೂ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಕಲಿತರೆ, ತಾನು ಎಂದೂ ಕೇಳಿರದ ಪದವನ್ನೂ ಗಟ್ಟಿಯಾಗಿ ಓದಿಬಿಡುತ್ತದೆ. ಅರ್ಥ ಹಿಂದಿನಿಂದ ಬಂದರೂ ಆದೀತು. ಚೀನಿ ಬರಹದಲ್ಲಿ ಒಂದೊಂದು ಅಕ್ಷರ ಒಂದೊಂದು ಉಚ್ಚಾರಾಂಶಕ್ಕೂ, ಬಹುಮಟ್ಟಿಗೆ ಅದರೊಡನೆ ಒಂದು ಅರ್ಥಕ್ಕೂ ಕಟ್ಟಿಕೊಂಡಿರುತ್ತದೆ. ಆದ್ದರಿಂದ ಅಲ್ಲಿ ಅಕ್ಷರಮಾಲೆಯ ಕೊನೆಯೆಂಬುದಿಲ್ಲ. ಆ ಕಾರಣಕ್ಕಾಗಿಯೇ ಎಷ್ಟು ಅಕ್ಷರ ಸಾಕು ಎಂಬ ಪ್ರಶ್ನೆಯನ್ನು ಅಲ್ಲಿಯ ಪ್ರತಿ ಸರಕಾರವೂ, ಪ್ರತಿ ಮನೆಯೂ ಎರಡು ಸಾವಿರ ವರ್ಷಗಳಿಂದ ಕೇಳಿಕೊಳ್ಳುತ್ತ ಬಂದಿವೆ.

ಚೀನಿ ಬರಹವೆಂದರೆ ಚಿತ್ರಗಳ ಸಾಲು ಎಂಬ ತಪ್ಪು ತಿಳಿವಳಿಕೆ ಹೊರಗಿನವರಲ್ಲಿ ಬಲವಾಗಿದೆ. ಅದಕ್ಕೆ ಪಾಠ ಹೇಳುವವರೂ ಸ್ವಲ್ಪ ಮಟ್ಟಿಗೆ ಹೊಣೆ. ‘ಮರ’ದ ಅಕ್ಷರವನ್ನು ಬರೆದು, ಎರಡು ಮರ ಸೇರಿದರೆ ತೋಪು, ಮೂರು ಸೇರಿದರೆ ಅಡವಿ, ಬುಡದಲ್ಲಿ ಒಂದು ಗೀಟೆಳೆದರೆ ಬೇರು ಎಂದು ತೋರಿಸಿದಾಗ ಯಾರಿಗಾದರೂ ಸಂತೋಷವಾಗದಿರದು. ಆದರೆ ಇಂಥವು ಕೆಲವೇ ನೂರು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಅಕ್ಷರಗಳು ಬೇರೆಯೇ ರೀತಿಯಲ್ಲಿ ಹುಟ್ಟಿದವು. ಅವುಗಳಲ್ಲಿ ಒಂದು ಭಾಗ ಅರ್ಥದ ಜಾತಿಯನ್ನು ಸೂಚಿಸುತ್ತದೆ, ಇನ್ನೊಂದು ಭಾಗ ಉಚ್ಚಾರಣೆಯನ್ನು. ‘ಚಿಂಗ್’ ಎಂದು ಓದುವ ಒಂದು ಅಕ್ಷರವಿದೆ; ಹಸಿರು ನೀಲಿಗಳ ನಡುವಿನ ಬಣ್ಣ ಅದರ ಅರ್ಥ. ಅದರ ಪಕ್ಕದಲ್ಲಿ ನೀರಿನ ಗುರುತಿಟ್ಟರೆ ತಿಳಿಯಾದುದು ಎಂದಾಗುತ್ತದೆ. ಸೂರ್ಯನನ್ನಿಟ್ಟರೆ ಮೋಡವಿಲ್ಲದ ಬಾನು, ಹೃದಯವನ್ನಿಟ್ಟರೆ ಭಾವನೆ, ಮಾತಿನ ಗುರುತಿಟ್ಟರೆ ಬಿನ್ನಹ. ಸ್ವರದ ಏರಿಳಿತ ಬೇರೆಯಾದರೂ ನಾಲ್ಕರ ಉಚ್ಚಾರಣೆಯೂ ‘ಚಿಂಗ್’. ಹೆಣ್ಣಿನ ಗುರುತಿನ ಪಕ್ಕ ‘ಮಾ’ ಎಂದು ಓದುವ ಕುದುರೆಯನ್ನು ನಿಲ್ಲಿಸಿದರೆ ‘ಅಮ್ಮ’ ಎಂಬ ಅಕ್ಷರ ಸಿದ್ಧವಾಗುತ್ತದೆ. ಅಲ್ಲಿ ಕುದುರೆ ಬಂದಿರುವುದು ತನ್ನ ಧ್ವನಿಯನ್ನು ಎರವಲು ಕೊಡುವುದಕ್ಕಷ್ಟೇ. ತಾಯಿಗೂ ಕುದುರೆಗೂ ಬೇರಾವ ನಂಟೂ ಇಲ್ಲ.

ಈ ಉಪಾಯ ಎಲ್ಲ ಕಡೆಯೂ ಕೈಹಿಡಿಯುವುದಿಲ್ಲ. ಎರಡು ಸಾವಿರ ವರ್ಷಗಳಲ್ಲಿ ನಾಲಗೆ ಬದಲಾಯಿತು, ಬರಹ ನಿಂತಲ್ಲೇ ನಿಂತಿತು. ‘ನದಿ’ ಎಂಬರ್ಥದ ಒಂದು ಅಕ್ಷರದಲ್ಲಿ ಉಚ್ಚಾರಣೆಯನ್ನು ಸೂಚಿಸುವ ಭಾಗ ‘ಗೋಂಗ್’. ಅಕ್ಷರವನ್ನು ಇಂದು ಬೀಜಿಂಗಿನವರು ಓದುವುದು ‘ಜಿಯಾಂಗ್’. ದಕ್ಷಿಣದ ಕ್ಯಾಂಟೊನೀಸ್ ಆಡುನುಡಿಯಲ್ಲಿ ಇವೆರಡೂ ಇನ್ನೂ ಹತ್ತಿರದಲ್ಲಿವೆ.

ಅಕ್ಷರಗಳ ಹುಟ್ಟಿನ ಬಗ್ಗೆ ಚೀನಿಯರೇ ಬಹುಕಾಲ ಅರೆಗತ್ತಲೆಯಲ್ಲಿದ್ದರು. ಕ್ರಿಸ್ತಶಕ 100ರಲ್ಲಿ ಶು ಶೆನ್ ಎಂಬ ವಿದ್ವಾಂಸ 9,353 ಅಕ್ಷರಗಳನ್ನು 540 ಅಂಗಗಳ ಕೆಳಗೆ ವಿಂಗಡಿಸಿ ಮಹಾಕೋಶವೊಂದನ್ನು ರಚಿಸಿದ. ಮುಂದಿನ ಎಲ್ಲ ನಿಘಂಟುಗಳೂ ಅದರ ಋಣಿಗಳು. ಆದರೆ ಆತನ ಕಾಲಕ್ಕಾಗಲೇ ಅತ್ಯಂತ ಹಳೆಯ ಬರಹ ನೆಲದೊಳಗೆ ಹೂತುಹೋಗಿ ಸಾವಿರ ವರ್ಷಗಳಾಗಿದ್ದವು. 1899ರಲ್ಲಿ ಬೀಜಿಂಗಿನ ರಾಜವಿದ್ಯಾಲಯದ ಮುಖ್ಯಸ್ಥನಾಗಿದ್ದ ವಾಂಗ್ ಯಿರೋಂಗ್, ಔಷಧದಂಗಡಿಗಳಲ್ಲಿ ‘ನಾಗನ ಎಲುಬು’ ಎಂಬ ಹೆಸರಿನಿಂದ ಮಾರಾಟವಾಗುತ್ತಿದ್ದ ಹಳೆಯ ಎಲುಬುಗಳ ಮೇಲೆ ಕೊರೆದಿದ್ದುದು ಪ್ರಾಚೀನ ಬರಹವೆಂದು ಗುರುತಿಸಿದ. ಅದಕ್ಕೂ ಮುಂಚೆ ಅದೆಷ್ಟು ಇತಿಹಾಸ ರೋಗಿಗಳ ಹೊಟ್ಟೆ ಸೇರಿತೋ! ಮರುವರ್ಷವೇ ವಿದೇಶೀ ಸೇನೆಗಳು ನಗರವನ್ನು ಹೊಕ್ಕಾಗ ವಾಂಗ್ ಆತ್ಮಾಹುತಿ ಮಾಡಿಕೊಂಡ. ಎಲುಬುಗಳ ಮೂಲ ಹೆನಾನ್ ಪ್ರಾಂತದ ಅನ್ಯಾಂಗ್ ಎಂದು ಆಮೇಲೆ ಗೊತ್ತಾಯಿತು. ಅಲ್ಲಿ 1928ರಿಂದ ಕ್ರಮಬದ್ಧ ಉತ್ಖನನ ನಡೆದು, 1936ರಲ್ಲಿ ಒಂದೇ ಗುಂಡಿಯಿಂದ ಹದಿನೇಳು ಸಾವಿರಕ್ಕೂ ಹೆಚ್ಚು ತುಣುಕುಗಳು ಹೊರಬಂದವು. ಸುಮಾರು ಕ್ರಿಸ್ತಪೂರ್ವ 1250ರಿಂದ ಶಾಂಗ್ ಅರಸರು ಮಳೆ, ಬೆಳೆ, ಯುದ್ಧ, ರಾಣಿಯ ಹೆರಿಗೆ ಮೊದಲಾದುವನ್ನು ಕುರಿತು ಶಕುನ ಕೇಳಿ ಆಮೆಯ ಚಿಪ್ಪು, ದನದ ಹೆಗಲೆಲುಬುಗಳ ಮೇಲೆ ಬರೆಯಿಸಿದ ಪ್ರಶ್ನೆಗಳು ಅವು.

ಆ ಎಲುಬುಗಳು ಶು ಶೆನ್‌ನನ್ನೂ ತಿದ್ದಿದವು. ‘ಮಾಡು’ ಎಂಬರ್ಥದ ಅಕ್ಷರವನ್ನು ಆತ ಹೆಣ್ಣುಕೋತಿಯೆಂದು ವಿವರಿಸಿದ್ದ. ಎಲುಬಿನ ಮೇಲೆ ನೋಡಿದರೆ ಆನೆಯ ಸೊಂಡಿಲನ್ನು ಹಿಡಿದು ನಡೆಸುತ್ತಿರುವ ಒಂದು ಕೈ ಸ್ಪಷ್ಟವಾಗಿ ಕಾಣುತ್ತದೆ. ಉತ್ತರ ಚೀನದಲ್ಲಿ ಆಗ ಆನೆಗಳಿದ್ದವು. ಹಾನ್ ಕಾಲದ ಹೊತ್ತಿಗೆ ಅಲ್ಲಿ ಆನೆಯೂ ಇರಲಿಲ್ಲ, ಅಕ್ಷರದಲ್ಲಿ ಅದರ ಗುರುತೂ ಉಳಿದಿರಲಿಲ್ಲ. ಎಲುಬುಗಳಲ್ಲಿ ಕಂಡುಬಂದ ಸುಮಾರು 4,500 ಬಗೆಯ ಅಕ್ಷರಗಳಲ್ಲಿ ಇಂದಿಗೂ ಮೂರರಲ್ಲೊಂದು ಪಾಲು ಮಾತ್ರ ನಿಶ್ಚಿತವಾಗಿ ಓದಲ್ಪಟ್ಟಿದೆ. ಇನ್ನೂ ಬಿಡಿಸದ ಒಂದು ಅಕ್ಷರವನ್ನು ಸಾಧಾರವಾಗಿ ಬಿಡಿಸಿದವರಿಗೆ 1,00,000 ಯುವಾನ್ ಬಹುಮಾನವೆಂದು ಅನ್ಯಾಂಗಿನ ಲಿಪಿ ಸಂಗ್ರಹಾಲಯ 2016ರಲ್ಲಿ ಘೋಷಿಸಿತು.

ಈ ಕಥೆಯಲ್ಲಿ ನಮ್ಮ ವರ್ಣಮಾಲೆಗೂ ಒಂದು ಪಾತ್ರವಿದೆಯೆಂಬುದು ಅನೇಕರಿಗೆ ತಿಳಿಯದು. ಬೌದ್ಧ ಗ್ರಂಥಗಳನ್ನು ಸಂಸ್ಕೃತದಿಂದ ಅನುವಾದಿಸುವಾಗ ಚೀನಿ ಭಿಕ್ಷುಗಳು ಭಾರತೀಯ ವರ್ಣಕ್ರಮವನ್ನು ಕಲಿತರು. ಧ್ವನಿಗಳನ್ನು ಹುಟ್ಟುವ ಸ್ಥಾನದ ಪ್ರಕಾರ ವರ್ಗ ಮಾಡುವ ಆ ಶಾಸ್ತ್ರ ಅವರಿಗೆ ಹೊಸ ಕಣ್ಣಾಯಿತು. ಟಾಂಗ್ ಕಾಲದ ಕೊನೆಯ ಭಿಕ್ಷು ಶೌವೆನ್‌ನ ಹೆಸರಿನಲ್ಲಿ ಪ್ರಸಿದ್ಧವಾದ 36 ಮೊದಲ ಧ್ವನಿಗಳ ಪಟ್ಟಿಯಲ್ಲಿ ಒಂದು ಗುಂಪು ಕ, ಖ, ಗ, ಙ. ಇನ್ನೊಂದು ತ, ಥ, ದ, ನ. ಮತ್ತೊಂದು ಪ, ಫ, ಬ, ಮ. ಘ, ಧ, ಭ ಇಲ್ಲದಿರುವುದು ಅವು ಚೀನಿ ನುಡಿಯಲ್ಲಿ ಇಲ್ಲದ ಕಾರಣದಿಂದ. ಕಾಸರಗೋಡಿನಲ್ಲೋ ತಾಳವಾಡಿಯಲ್ಲೋ ಮಗ್ಗಿಯೊಡನೆ ಕ-ಖ-ಗ ಒಪ್ಪಿಸುವ ಮಗು ಆ ಪಟ್ಟಿಯನ್ನು ಕೇಳಿದರೆ ತನ್ನದೇ ಪಾಠವೆಂದುಕೊಂಡೀತು. ನಮ್ಮ ‘ಧ್ಯಾನ’ ಅಲ್ಲಿ ‘ಛಾನ್’ ಆಯಿತು, ‘ಕ್ಷಣ’ ‘ಛಾನಾ’ ಆಯಿತು. ಸನ್ಮಾರ್ಗಕ್ಕೆ ಅಡ್ಡಬರುವ ‘ಮಾರ’ನಿಗಾಗಿ ದೆವ್ವದ ಗುರುತನ್ನು ಒಳಗಿಟ್ಟುಕೊಂಡ ಹೊಸ ಅಕ್ಷರವೇ ಹುಟ್ಟಿಕೊಂಡಿತು.

ಮಕ್ಕಳಿಗೆ ಕಲಿಸುವ ಕ್ರಮದಲ್ಲಿ ಶತಮಾನಗಳ ಕಾಲ ಹೆಚ್ಚು ಬದಲಾವಣೆಯಾಗಲಿಲ್ಲ. ಆರನೆಯ ಶತಮಾನದ ಲಿಯಾಂಗ್ ವಂಶದ ಚಕ್ರವರ್ತಿಯೊಬ್ಬನ ಆಜ್ಞೆಯಂತೆ ಝೌ ಶಿಂಗ್‌ಸು ಎಂಬ ಪಂಡಿತ ಒಂದೂ ಪುನರಾವೃತ್ತಿಯಾಗದಂತೆ ಸಾವಿರ ಅಕ್ಷರಗಳನ್ನು ನಾಲ್ಕು ನಾಲ್ಕರ ಸಾಲುಗಳಲ್ಲಿ ಪದ್ಯವಾಗಿ ಹೊಸೆದ. ಒಂದೇ ರಾತ್ರಿಯಲ್ಲಿ ಮುಗಿಸಿದ್ದರಿಂದ ಆತನ ತಲೆಗೂದಲೆಲ್ಲ ಬೆಳ್ಳಗಾಯಿತೆಂಬುದು ಕಥೆ. ಮಕ್ಕಳು ಅದನ್ನು ಅರ್ಥದ ಗೊಡವೆಯಿಲ್ಲದೆ ಬಾಯಿಪಾಠ ಮಾಡಿದರು, ಕೆಂಪು ಮಸಿಯಲ್ಲಿ ಅಚ್ಚಾದ ಅಕ್ಷರಗಳ ಮೇಲೆ ಕಪ್ಪು ಮಸಿಯಿಂದ ತಿದ್ದಿದರು. ಇಲ್ಲಿ ‘ಮಕ್ಕಳು’ ಎಂದರೆ ಗಂಡುಮಕ್ಕಳು, ಅದರಲ್ಲಿಯೂ ಹೊಲದ ಕೆಲಸದಿಂದ ಬಿಡುವು ಕೊಡಬಲ್ಲ ಮನೆಯವರು.

ಉಳಿದವರಲ್ಲಿ ಕೆಲವರು ಬೇರೆ ದಾರಿ ಹುಡುಕಿದರು. ಹುನಾನ್ ಪ್ರಾಂತದ ಜಿಯಾಂಗ್ಯೋಂಗ್ ಸೀಮೆಯ ಹೆಂಗಸರು ತಮ್ಮೊಳಗೆ ‘ನೂಶು’ ಎಂಬ ಹೆಣ್ಣುಬರಹವನ್ನು ಬೆಳೆಸಿಕೊಂಡಿದ್ದರು. ಚೀನಿ ಅಕ್ಷರಗಳನ್ನೇ ಓರೆಯಾಗಿ, ತೆಳುವಾಗಿ ಎಳೆದು, ಒಂದೊಂದನ್ನು ತಮ್ಮ ಆಡುನುಡಿಯ ಒಂದೊಂದು ಉಚ್ಚಾರಾಂಶಕ್ಕೆ ಹಚ್ಚಿದ ಬರಹವದು. ಹೀಗಾಗಿ ಕೆಲವೇ ನೂರು ಗುರುತುಗಳು ಸಾಕಾದವು. ಗೆಳತಿಗೆ ಮದುವೆಯಾಗಿ ಮೂರನೆಯ ದಿನ ಅವಳಿಗೆ ಕಳುಹಿಸುವ ಬಟ್ಟೆಹೊದಿಕೆಯ ಪುಸ್ತಕದಲ್ಲಿ ಅಗಲಿಕೆಯ ಹಾಡುಗಳನ್ನು ಬರೆಯುತ್ತಿದ್ದರು. ಪುಸ್ತಕದ ಒಡತಿ ಸತ್ತಾಗ ಅದನ್ನು ಅವಳೊಡನೆ ಹೂಳುವುದು ಅಥವಾ ಸುಡುವುದು ವಾಡಿಕೆಯಾಗಿದ್ದುದರಿಂದ ಉಳಿದವು ಕಡಿಮೆ. ಈ ಬರಹವನ್ನು ಬಾಳಿನ ಭಾಗವಾಗಿಯೇ ಕಲಿತಿದ್ದ ಕೊನೆಯವಳೆಂದು ಹೆಸರಾದ ಯಾಂಗ್ ಹುವಾನ್ಯಿ 2004ರಲ್ಲಿ ತೀರಿಕೊಂಡಳು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಸೋಲಿನ ಮೇಲೆ ಸೋಲುಂಡ ಚೀನದ ವಿದ್ಯಾವಂತರು ದೇಶದ ಅಜ್ಞಾನಕ್ಕೆಲ್ಲ ಲಿಪಿಯೇ ಕಾರಣವೆಂದು ಭಾವಿಸಿದರು. ಅಕ್ಷರಗಳನ್ನೇ ತೊಡೆದುಹಾಕಬೇಕೆಂದು ಚಿಯೆನ್ ಶುವಾನ್‌ತೋಂಗ್ 1918ರಲ್ಲಿ ವಾದಿಸಿದ. ಮಹಾಲೇಖಕ ಲೂ ಶುನ್ ಕೂಡ ಮುಂದೆ ರೋಮನ್ ಲಿಪಿಯ ಪರ ನಿಂತ. ಸರಕಾರಗಳು ಅಷ್ಟು ದೂರ ಹೋಗದೆ ಗೆರೆ ಕಡಿಮೆ ಮಾಡುವ ಮಧ್ಯಮಾರ್ಗ ಹಿಡಿದವು. 1935ರಲ್ಲಿ ರಾಷ್ಟ್ರೀಯ ಸರಕಾರ 324 ಸರಳ ಅಕ್ಷರಗಳ ಪಟ್ಟಿ ಹೊರಡಿಸಿ, ಪಕ್ಷದೊಳಗಿನ ವಿರೋಧಕ್ಕೆ ಮಣಿದು ಆರೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ಕಮ್ಯುನಿಸ್ಟ್ ಸರಕಾರ 1956ರಲ್ಲಿ ತನ್ನ ಯೋಜನೆಯನ್ನು ಜಾರಿಗೆ ತಂದು, 1964ರ ಹೊತ್ತಿಗೆ ಎರಡು ಸಾವಿರಕ್ಕೂ ಮೇಲ್ಪಟ್ಟು ಅಕ್ಷರಗಳನ್ನು ಸರಳಗೊಳಿಸಿತು. ಅವುಗಳಲ್ಲಿ ಎಷ್ಟೋ ರೂಪಗಳು ಅಂಗಡಿ ಲೆಕ್ಕದಲ್ಲೂ ಖಾಸಗಿ ಪತ್ರಗಳಲ್ಲೂ ಜನ ಮೊದಲಿನಿಂದ ಬಳಸುತ್ತಿದ್ದವೇ. ‘ಪ್ರೀತಿ’ಯ ಅಕ್ಷರದೊಳಗಿದ್ದ ಹೃದಯ ಹೊರಬಿತ್ತೆಂದು ಮರುಗಿದವರೂ ಇದ್ದಾರೆ. ಶಿ ಜಿಯೆನ್‌ನ ನಿದ್ದೆಗೆಡಿಸಿದ ಕುದುರೆಗೆ ಹಳೆಯ ರೂಪದಲ್ಲಿ ಒಟ್ಟು ಹತ್ತು ಗೆರೆ. ಸರಳ ರೂಪದಲ್ಲಿ ಮೂರೇ.

1977ರ ಕೊನೆಯಲ್ಲಿ ಬಂದ ಎರಡನೆಯ ಸರಳೀಕರಣ ಆತುರದ ಕೂಸು. ಪತ್ರಿಕೆಗಳೂ ಪಠ್ಯಪುಸ್ತಕಗಳೂ ಅದನ್ನು ಕೆಲವು ತಿಂಗಳು ಬಳಸಿ ಕೈಬಿಟ್ಟವು; 1986ರಲ್ಲಿ ಅದು ವಿಧಿವತ್ತಾಗಿ ರದ್ದಾಯಿತು. ಅಷ್ಟರಲ್ಲಿ ಕಲಿತ ಮಕ್ಕಳು ಕಲಿತದ್ದನ್ನು ಮರೆಯಬೇಕಾಯಿತು. ‘ಶಿಯಾವ್’ ಎಂಬ ಪ್ರಾಚೀನ ಮನೆತನದ ಅನೇಕ ಕುಟುಂಬಗಳ ಹೆಸರು ಮೊಟಕಾದ ರೂಪದಲ್ಲೇ ದಾಖಲೆ ಪುಸ್ತಕಗಳಲ್ಲಿ ಉಳಿದುಹೋಯಿತು. ಸರಕಾರ ಆಜ್ಞೆಯನ್ನು ಹಿಂತೆಗೆದುಕೊಳ್ಳಬಹುದು. ಒಮ್ಮೆ ದಾಖಲೆಗೆ ಹೊಕ್ಕ ಹೆಸರನ್ನು ಹೊರತರುವುದು ಎಷ್ಟು ಕಷ್ಟವೆಂಬುದು ಗಡಿಭಾಗದ ಓದುಗರಿಗೆ ವಿವರಿಸಬೇಕಾಗಿಲ್ಲ.

ಲಿಪಿಯ ಮೇಲೆ ಹೊರಿಸಿದ ಆ ದೊಡ್ಡ ಆರೋಪ ನಿಂತಿತೇ? 1949ರಲ್ಲಿ ಚೀನದ ಜನರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ನಿರಕ್ಷರಿಗಳಾಗಿದ್ದರು. 2020ರ ಜನಗಣತಿಯಲ್ಲಿ ಆ ಪ್ರಮಾಣ 2.67. ಇದು ಸರಳ ಅಕ್ಷರಗಳ ಪ್ರತಾಪವೆನ್ನೋಣವೆಂದರೆ, ಒಂದು ಗೆರೆಯನ್ನೂ ಬಿಡದೆ ಹಳೆಯ ರೂಪಗಳನ್ನೇ ಕಲಿಸಿದ ತೈವಾನ್ ಮತ್ತು ಹಾಂಗ್‌ಕಾಂಗ್‌ಗಳಲ್ಲಿಯೂ ಬಹುತೇಕ ಎಲ್ಲರೂ ಓದುಬರಹ ಬಲ್ಲವರು. ನಡುವೆ ಆದದ್ದು ಇಷ್ಟೇ: ಊರೂರಿಗೆ ಶಾಲೆ ಬಂತು, ಹೆಣ್ಣುಮಕ್ಕಳೂ ಅದರೊಳಗೆ ಕಾಲಿಟ್ಟರು. ಇಷ್ಟು ಸರಳವಾದ ಕಾರಣವನ್ನು ಬಿಟ್ಟು ಮೂರು ಸಾವಿರ ವರ್ಷದ ಲಿಪಿಯನ್ನು ಕಟಕಟೆಯಲ್ಲಿ ನಿಲ್ಲಿಸಿದ್ದು ಪಂಡಿತರ ಅಸಹನೆ.

ಹಾಗೆಂದು ಮಗುವಿನ ಹೊರೆ ಹಗುರವೇನಲ್ಲ. ಚೀನದ ಈಗಿನ ಪಠ್ಯಕ್ರಮದಂತೆ ಎರಡನೆಯ ತರಗತಿಯ ಕೊನೆಗೆ 1,600 ಅಕ್ಷರಗಳನ್ನು ಗುರುತಿಸಬೇಕು, 800ನ್ನು ಬರೆಯಬೇಕು. ಆರನೆಯ ತರಗತಿಯ ಕೊನೆಗೆ ಈ ಸಂಖ್ಯೆಗಳು 3,000 ಮತ್ತು 2,500. ಅಡ್ಡ ಉದ್ದ ಗೀಟುಗಳಿಂದ ನಾಲ್ಕು ಭಾಗವಾದ ಚೌಕಗಳ ಪುಸ್ತಕದಲ್ಲಿ ಒಂದೊಂದು ಅಕ್ಷರವನ್ನು ಸಾಲುಗಟ್ಟಲೆ ಬರೆಯುವುದು ಇಂದಿಗೂ ತಪ್ಪಿಲ್ಲ. ಗೆರೆಗಳಿಗೆ ಕ್ರಮವಿದೆ: ಅಡ್ಡಗೆರೆಯ ಬಳಿಕ ಉದ್ದಗೆರೆ, ಮೇಲಿನದಾದ ಬಳಿಕ ಕೆಳಗಿನದು. ಚೌಕಟ್ಟಿರುವ ಅಕ್ಷರವಾದರೆ ಮೊದಲು ಒಳಗೆ ಬಂದು ಆಮೇಲೆ ಬಾಗಿಲು ಮುಚ್ಚಬೇಕೆಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ಉಚ್ಚಾರಣೆಗೆ ಊರುಗೋಲಾಗಿ 1958ರಲ್ಲಿ ಅಂಗೀಕಾರವಾದ ‘ಪಿನ್‌ಯಿನ್’ ಎಂಬ ರೋಮನ್ ಬರಹವಿದೆ. ಬಹುಕಾಲ ಮಕ್ಕಳು ಅದನ್ನೇ ಮೊದಲು ಕಲಿಯುತ್ತಿದ್ದರು. 2017ರಿಂದ ದೇಶಕ್ಕೆಲ್ಲ ಒಂದಾದ ಪಠ್ಯಪುಸ್ತಕದಲ್ಲಿ ಆ ಕ್ರಮ ತಿರುಗಿದೆ. ಊರುಗೋಲಿಗೆ ಮುಂಚೆ ಮಗುವಿನ ಕಣ್ಣಿಗೆ ಬೀಳುವುದು ಆರು ಅಕ್ಷರಗಳು: ಬಾನು, ನೆಲ, ಮನುಷ್ಯ, ನೀನು, ನಾನು, ಅವನು. ಮೊಬೈಲಿನಲ್ಲಿ ಪಿನ್‌ಯಿನ್ ಒತ್ತಿ ಅಕ್ಷರ ಆರಿಸಿಕೊಳ್ಳುವ ದೊಡ್ಡವರಿಗಂತೂ ಲೇಖನಿ ಹಿಡಿದರೆ ಅಕ್ಷರ ಮರೆಯುವ ಹೊಸ ಕಾಯಿಲೆ ಅಂಟಿದೆ. 2013ರಲ್ಲಿ ದೂರದರ್ಶನದ ಉಕ್ತಲೇಖನ ಸ್ಪರ್ಧೆಯೊಂದರಲ್ಲಿ ‘ನೆಲಗಪ್ಪೆ’ ಎಂಬ ಪದವನ್ನು ಬರೆಯಲು ಹೇಳಿದಾಗ ಹಿರಿಯರಲ್ಲಿ ಹೆಚ್ಚಿನವರು ತಪ್ಪಿದರು.

ಚೀನದ ಹೊರಗೆ ನೆಲೆಸಿದ ಚೀನಿ ನುಡಿಯವರ ಎರಡು ಸಮುದಾಯಗಳು ಎರಡು ದಾರಿ ಹಿಡಿದವು. 1870ರ ದಶಕದ ಕೊನೆಯಲ್ಲಿ ದಂಗೆ ಸೋತು ಮಧ್ಯ ಏಷ್ಯಕ್ಕೆ ಹೋದ ದುಂಗಾನ್ ಮುಸಲ್ಮಾನರು ಇಂದಿಗೂ ಮನೆಯಲ್ಲಾಡುವುದು ವಾಯುವ್ಯ ಚೀನದ ನುಡಿಯನ್ನೇ. ಬರೆಯುವುದು ಮಾತ್ರ ರಷ್ಯನ್ನರ ಸಿರಿಲಿಕ್ ಲಿಪಿಯಲ್ಲಿ. ಅಕ್ಷರಗಳಿಲ್ಲದೆಯೂ ಚೀನಿ ನುಡಿಯನ್ನು ಬರೆಯಬಹುದೆಂಬುದಕ್ಕೆ ಅವರ ಕವಿತೆ, ಪತ್ರಿಕೆಗಳೇ ಸಾಕ್ಷಿ. ಆದರೆ ಪೂರ್ವಿಕರ ಊರಿನ ಅಂಗಡಿಯ ಹಲಗೆಯನ್ನು ಅವರಲ್ಲಿ ಹೆಚ್ಚಿನವರು ಓದಲಾರರು. ಮಲೇಶಿಯದ ಚೀನಿಯರು ಅಕ್ಷರಗಳನ್ನು ಬಿಡಲಿಲ್ಲ. ಅಲ್ಲಿ ಚೀನಿ ಮಾಧ್ಯಮದ ಸರಕಾರಿ ಅನುದಾನದ ಪ್ರಾಥಮಿಕ ಶಾಲೆಗಳು 1,300ರ ಆಸುಪಾಸಿನಲ್ಲಿವೆ. 1961ರ ಶಿಕ್ಷಣ ಕಾಯಿದೆ ಪ್ರೌಢಶಾಲೆಗಳಿಗೆ ಅನುದಾನ ಬೇಕಾದರೆ ಮಾಧ್ಯಮ ಬದಲಿಸಿರೆಂದಾಗ ಒಪ್ಪದೆ ಉಳಿದವು ಸ್ವತಂತ್ರ ಶಾಲೆಗಳಾದವು. ಇಂದು ಸುಮಾರು ಅರುವತ್ತು ಇಂಥ ಶಾಲೆಗಳು ಮುಖ್ಯವಾಗಿ ಸಮುದಾಯದ ದೇಣಿಗೆ, ಶುಲ್ಕಗಳಿಂದ ನಡೆಯುತ್ತಿವೆ. 1975ರಿಂದ ಅವು ತಮ್ಮದೇ ಸಾಮಾನ್ಯ ಪರೀಕ್ಷೆಯನ್ನೂ ನಡೆಸುತ್ತಿವೆ.

ಎಷ್ಟು ಅಕ್ಷರ ಸಾಕು ಎಂಬ ಪ್ರಶ್ನೆಗೆ ಚೀನದ ಕಾನೂನು 1988ರಲ್ಲಿ ಮತ್ತೊಮ್ಮೆ ಉತ್ತರ ಕೊಟ್ಟಿತು. ಆ ವರ್ಷದ ನಿರಕ್ಷರತಾ ನಿರ್ಮೂಲನ ನಿಯಮಗಳ ಪ್ರಕಾರ ರೈತನಿಗೆ 1,500 ಅಕ್ಷರ. ನೌಕರನಿಗೂ ಪಟ್ಟಣವಾಸಿಗೂ 2,000. ಜೊತೆಗೆ ಸುಲಭವಾದ ಪತ್ರಿಕೆಯನ್ನು ಓದಲು, ಸಣ್ಣ ಲೆಕ್ಕವಿಡಲು, ಅರ್ಜಿ ಚೀಟಿಗಳನ್ನು ಬರೆಯಲು ಬರಬೇಕು. ಹೊಲದಲ್ಲಿ ದುಡಿಯುವವನಿಗೆ ಐನೂರು ಅಕ್ಷರ ಏಕೆ ಕಡಿಮೆ ಎಂಬುದಕ್ಕೆ ನಿಯಮದಲ್ಲಿ ವಿವರಣೆಯಿಲ್ಲ.

ಅದಕ್ಕೂ ಎಪ್ಪತ್ತು ವರ್ಷಗಳ ಹಿಂದೆ ಇನ್ನೂ ಚಿಕ್ಕ ಸಂಖ್ಯೆಯೊಂದಿಗೆ ಒಬ್ಬಾತ ಕೆಲಸ ಆರಂಭಿಸಿದ್ದ. ಮೊದಲ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳು ಸುಮಾರು 1,40,000 ಚೀನಿ ಕೂಲಿಗಳನ್ನು ಫ್ರಾನ್ಸಿಗೆ ಕರೆಸಿ ಕಂದಕ ತೋಡಿಸಿದವು, ಹಡಗಿನ ಸಾಮಾನು ಇಳಿಸಿದವು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಿಂದ 1918ರಲ್ಲಿ ಪದವಿ ಪಡೆದ ಯೆನ್ ಯಾಂಗ್‌ಛು ಅವರ ಸೇವೆಗೆಂದು ಬುಲೋನ್ ಬಂದರಿಗೆ ಹೋದ. ರಾತ್ರಿ ರಾತ್ರಿ ಅವರ ಪರವಾಗಿ ಊರಿಗೆ ಪತ್ರ ಬರೆದು ಬರೆದು ಸಾಕಾಗಿ, ಬರೆಯುವುದನ್ನು ಅವರಿಗೇ ಕಲಿಸುವೆನೆಂದು ಸಭೆಯಲ್ಲಿ ಹೇಳಿದ. ಸಾವಿರಾರು ಮಂದಿಯ ಆ ಶಿಬಿರದಿಂದ ಕಲಿಯಲು ಮುಂದೆ ಬಂದವರು ನಲವತ್ತು. ಯೆನ್ ಆಡುಮಾತಿನಲ್ಲಿ ನಿತ್ಯ ಬೇಕಾಗುವ ಸಾವಿರ ಅಕ್ಷರಗಳನ್ನಷ್ಟೇ ಆರಿಸಿಕೊಂಡು ಪಾಠ ಹೂಡಿದ. ಇದೇ ಮುಂದೆ ಚೀನದಲ್ಲಿ, ದಿನಕ್ಕೊಂದು ಗಂಟೆಯಂತೆ ನಾಲ್ಕು ತಿಂಗಳ ಪಾಠವಾಗಿ ಲಕ್ಷಾಂತರ ಜನರನ್ನು ಮುಟ್ಟಿತು. ಕಲಿತವರಿಗೆ ಓದಲು ಏನಾದರೂ ಬೇಕಲ್ಲವೇ ಎಂದು 1919ರಲ್ಲಿ ಆತ ಕೂಲಿಗಳಿಗಾಗಿಯೇ ಒಂದು ವಾರಪತ್ರಿಕೆಯನ್ನು ಹೊರಡಿಸಿದ.

ಕೆಲವು ಕಾಲದ ಬಳಿಕ ಒಬ್ಬ ಕೂಲಿಯಿಂದ ಆತನಿಗೆ ಪತ್ರ ಬಂತು. ಪತ್ರಿಕೆ ಬಂದಂದಿನಿಂದ ಲೋಕದ ಸಂಗತಿಯೆಲ್ಲ ತನಗೆ ತಿಳಿಯತೊಡಗಿದೆ, ಆದರೆ ಪ್ರತಿಯೊಂದಕ್ಕೆ ಒಂದೇ ಸಾಂತೀಮಿನ ಬೆಲೆಯಾದರೆ ಅದು ಬೇಗನೆ ನಿಂತುಹೋದೀತೆಂಬ ಹೆದರಿಕೆ ತನಗಿದೆ ಎಂದು ಬರೆದಿದ್ದ. ಫ್ರಾನ್ಸಿನಲ್ಲಿ ಮೂರು ವರ್ಷ ದುಡಿದು ಉಳಿಸಿದ 365 ಫ್ರಾಂಕುಗಳನ್ನೂ ಪತ್ರದೊಳಗೆ ಇಟ್ಟಿದ್ದ.